ನೆಲಸೀತಾಳೆ: ಹೆಸರಿನಿಂದ ಗುರುತಿನ ಕಡೆಗೆ

ಗಡಿನಾಡಿನ ಮನೆಗಳಲ್ಲಿ ಒಂದೇ ವಸ್ತುವಿಗೆ ಎರಡು ಮೂರು ಹೆಸರುಗಳಿರುವುದು ಹೊಸತೇನಲ್ಲ. ಅಕ್ಕಲಕೋಟೆ ಕಡೆಯವರಾದ ನಾವು ಉಳ್ಳಾಗಡ್ಡಿ ಎನ್ನುತ್ತೇವೆ. ಅದೇ ಗಡ್ಡೆ ಸೊಲ್ಲಾಪುರದ ಮಾರುಕಟ್ಟೆಗೆ ಹೋದರೆ ಕಾಂದಾ ಆಗುತ್ತದೆ. ಕಾಸರಗೋಡಿನ ಕನ್ನಡ ಮನೆಯಲ್ಲಿ ಅದು ನೀರುಳ್ಳಿ, ಬೇಲಿಯಾಚೆಯ ಮಲಯಾಳ ಮನೆಯಲ್ಲಿ ಉಳ್ಳಿ. ಹೆಸರು ಎಷ್ಟು ಬದಲಾದರೂ ಅಡುಗೆಮನೆಯಲ್ಲಿ ಯಾರೂ ಮೋಸ ಹೋಗುವುದಿಲ್ಲ. ಸಿಪ್ಪೆ, ಪದರ, ಕಣ್ಣಲ್ಲಿ ನೀರು ತರಿಸುವ ಘಾಟು, ಇವು ಯಾವ ಭಾಷೆಗೂ ಕಾಯುವುದಿಲ್ಲ. ದಿನವೂ ಕೈಗೆ ಸಿಗುವ ವಸ್ತುವಿನ ಮಾತು ಇದು. ವರ್ಷಕ್ಕೊಮ್ಮೆ, ಅದೂ ಕೆಲವೇ ದಿನ ಕಣ್ಣಿಗೆ ಬೀಳುವ ಕಾಡುಗಿಡದ ವಿಷಯದಲ್ಲಿ ಹಾಗಲ್ಲ. ಅಲ್ಲಿ ಹೆಸರನ್ನು ಮಾತ್ರ ನಂಬಿ ನಡೆದವರು ಬೇರೆಯದೇ ಗಿಡವನ್ನು ಮನೆಗೆ ತಂದ ಉದಾಹರಣೆಗಳುಂಟು. ನೆಲದಲ್ಲಿ ಬೆಳೆಯುವ ಸೀತಾಳೆ, ಎಂದರೆ ನೆಲದ ಆರ್ಕಿಡ್, ಅಂಥ ಒಂದು ಗಿಡ. ಅದನ್ನು ಜನರು ಹೇಗೆ ಗುರುತಿಸುತ್ತ ಬಂದರು ಎಂಬ ಚರಿತ್ರೆಯನ್ನು ಇಲ್ಲಿ ಸ್ಥೂಲವಾಗಿ ಹೇಳಲು ಯತ್ನಿಸುತ್ತೇನೆ.

ಸೊಲ್ಲಾಪುರದವನೊಬ್ಬ ಕಾಸರಗೋಡಿನ ಓದುಗರಿಗೆ ಗಿಡದ ಕಥೆ ಹೇಳುವುದೇಕೆ ಎಂದು ಕೇಳಬಹುದು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಪಾಲಾದವು. ಹೀಗೆ ನೀವೂ ನಾವೂ ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯಲ್ಲಿ ಬದುಕುತ್ತಿರುವವರು. ಕನ್ನಡ ಶಾಲೆಯ ಮಾಸ್ತರನಾಗಿದ್ದ ನನಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮಕ್ಕಳು ಮೊದಲು ಮರೆಯುವುದು ಗಿಡಗಳ ಹೆಸರನ್ನು. ಹೆಸರು ಹೋದ ಮೇಲೆ ಗಿಡವನ್ನು ನೋಡುವುದನ್ನೂ ಬಿಡುತ್ತಾರೆ.

ಮೊದಲು ಮರದ ಮೇಲಿನ ಸೀತಾಳೆಯಿಂದ ಹೊರಡೋಣ. ಮಲೆನಾಡಿನಲ್ಲಿ ಮುಂಗಾರಿನ ಹೊತ್ತಿಗೆ ಮರದ ಕೊಂಬೆಯಿಂದ ಜಡೆಯಂತೆ ಇಳಿಬೀಳುವ ನಸುಗೆಂಪು ಚುಕ್ಕೆಯ ಹೂಗೊಂಚಲಿಗೆ ಕನ್ನಡದಲ್ಲಿ ಸೀತಾಳೆ ದಂಡೆ ಎಂದು ಹೆಸರು. ಮರಾಠಿಯಲ್ಲಿ ಅದು ಸೀತೇಚಿ ವೇಣಿ, ಮಲಯಾಳದಲ್ಲಿ ದ್ರೌಪದಿಮಾಲ. ಮೂರೂ ಭಾಷೆಗಳು ಮುಡಿಯುವ, ತೊಡುವ ಮಾತನ್ನೇ ಆಡುತ್ತವೆ. ಆ ಹೂವಿಗೆ ಹೆಸರಿಟ್ಟವರು ಅದನ್ನು ಮುಡಿದವರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಹೂವನ್ನು ಮೊದಲಿಗೆ ಅಚ್ಚಿನ ಪುಸ್ತಕಕ್ಕೆ ಏರಿಸಿದ ಕೀರ್ತಿ ಮಲಬಾರಿನದು. ಕೊಚ್ಚಿಯ ಡಚ್ ಆಡಳಿತಗಾರ ವಾನ್ ರೀಡ್ ಸಿದ್ಧಪಡಿಸಿದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥ 1678ರಿಂದ 1693ರ ತನಕ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾಯಿತು. ಈಳವ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರ ಅರಿವು ಅದರ ಬೆನ್ನೆಲುಬು. ಅದರ ಚಿತ್ರಗಳ ಮೇಲೆ ಲ್ಯಾಟಿನ್ನಿನ ಜೊತೆಗೆ ಮಲಯಾಳ, ಅರಬ್ಬಿ ಲಿಪಿಗಳೂ ನಾಗರಿಯೂ ಕಾಣಿಸುತ್ತವೆ. 12ನೆಯ ಸಂಪುಟದಲ್ಲಿ ಸೀತಾಳೆಗಳು ‘ಮರವಾೞ’ ಎಂಬ ಹೆಸರಿನಲ್ಲಿ ಬರುತ್ತವೆ. ವಾೞ ಎಂದರೆ ಬಾಳೆ. ಮರವಾೞ ಎಂದರೆ ಮರದ ಮೇಲಿನ ಬಾಳೆ. ನಮ್ಮ ಸೀತಾಳೆ ದಂಡೆ ಅಲ್ಲಿ ‘ಅಂಜಿಲಿ ಮರವಾೞ’. ಅಂಜಿಲಿ ಎಂದರೆ ಹೆಬ್ಬಲಸು. ಇನ್ನೊಂದು ‘ಕಾಂಜಿರಂ ಮರವಾೞ’. ಕಾಂಜಿರಂ ಎಂದರೆ ಕಾಸರಕ. ಕಾಸರಗೋಡಿನ ಹೆಸರಿಗೂ ಈ ಕಾಸರಕದ ಮರಕ್ಕೂ ನಂಟು ಹೇಳುವವರಿದ್ದಾರೆಂಬುದನ್ನು ಇಲ್ಲಿನ ಓದುಗರು ಬಲ್ಲರು. 1753ರಲ್ಲಿ ಲಿನೇಯಸ್ ಸಸ್ಯಗಳಿಗೆ ಎರಡು ಪದಗಳ ಲ್ಯಾಟಿನ್ ಹೆಸರು ಕೊಟ್ಟಾಗ, ತಾನು ಕಾಣದ ಈ ಹೂಗಳಿಗೆ ಮಲಬಾರಿನ ಆ ಚಿತ್ರಗಳನ್ನೇ ಆಧಾರ ಮಾಡಿಕೊಂಡ.

ನೆಲಸೀತಾಳೆಯ ಕಥೆ ಹೀಗಿಲ್ಲ. ಅದಕ್ಕೆ ಮುಡಿಯುವವರು ಹೆಸರಿಡಲಿಲ್ಲ, ಅಗೆಯುವವರು ಇಟ್ಟರು. ಮರಾಠಿಯಲ್ಲಿ ಯೂಲೋಫಿಯಾ ಎಂಬ ನೆಲಸೀತಾಳೆಗೆ ಅಮರಕಂದ ಎನ್ನುತ್ತಾರೆ. ಕಂದ ಎಂದರೆ ಗಡ್ಡೆ. ಗಾಂಧಿಗರ ಅಂಗಡಿಯ ಹೆಸರು ಸಾಲಂ ಮಿಶ್ರಿ. ಹೂವಿನ ಸುದ್ದಿ ಎರಡರಲ್ಲಿಯೂ ಇಲ್ಲ. ಕಾರಣ ಗಿಡದ ಜೀವನಕ್ರಮದಲ್ಲಿದೆ. ವರ್ಷದ ಬಹುಪಾಲು ಅದು ಗಡ್ಡೆಯಾಗಿ ಮಣ್ಣಿನೊಳಗೆ ಮಲಗಿರುತ್ತದೆ. ಮಳೆ ಬಿದ್ದ ಮೇಲೆ ಒಂದೆರಡು ಎಲೆ ಮೇಲೆ ಬರುತ್ತದೆ. ಹುಲ್ಲಿನ ನಡುವೆ ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಹೂಬಿಟ್ಟ ಕೆಲವು ವಾರಗಳಲ್ಲಿ ಕಾಯಿ ಒಡೆದು, ಎಲೆ ಒಣಗಿ, ಗಿಡ ಮತ್ತೆ ನೆಲದೊಳಗೆ ಸೇರುತ್ತದೆ.

ಸೊಲ್ಲಾಪುರದ ನೆಲ ಇಂಥ ಗಿಡಗಳಿಗೆ ಉದಾರವಾದುದಲ್ಲ. ವರ್ಷಕ್ಕೆ ಸುಮಾರು 550ರಿಂದ 600 ಮಿಲಿಮೀಟರ್ ಮಳೆ. ಕಾಸರಗೋಡಿನಲ್ಲಿ ಅದು 3000ವನ್ನು ಮೀರುತ್ತದೆ. ನಮ್ಮದು ಎರೆಹೊಲ, ಅದರ ನಡುವೆ ಕಲ್ಲುಮಡ್ಡಿ, ಭೀಮಾ ಸೀನಾ ಬೋರಿ ಹೊಳೆಗಳ ದಂಡೆ. ನೆಲಸೀತಾಳೆಯ ನಿಜವಾದ ತವರು ಪಶ್ಚಿಮಕ್ಕಿದೆ: ಸಾತಾರೆಯ ಬಳಿಯ ಕಾಸ್ ಪ್ರಸ್ಥಭೂಮಿ, ಬೆಳಗಾವಿಯ ಘಟ್ಟ, ಉತ್ತರ ಕನ್ನಡದ ಕ್ಯಾಸಲ್‌ರಾಕ್, ಅಲ್ಲಿಂದ ಕೆಳಗೆ ಕೊಡಗು, ಮಲಬಾರಿನವರೆಗೆ. ಆದರೂ ಒಣನಾಡಿನವರಿಗೆ ಗುರುತಿನ ವಿದ್ಯೆ ಬೇಡವೆನ್ನಲಾಗದು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಕ್ರೈನಮ್ ಸೊಲಾಪುರೆನ್ಸೆ ಎಂಬ ಗಡ್ಡೆಹೂವನ್ನು ಸಸ್ಯವಿಜ್ಞಾನಿಗಳು ಹೊಸ ಜಾತಿಯೆಂದು ಪ್ರಕಟಿಸಿದ್ದು 2014ರಲ್ಲಿ. ತಲೆತಲಾಂತರದಿಂದ ಜನ ಅದರ ಪಕ್ಕದಲ್ಲೇ ದನ ಮೇಯಿಸಿದ್ದಿರಬೇಕು. ಅದನ್ನು ಬೇರೆ ಮಾಡಿ ತೋರಿಸಿದ್ದು ಅಂಗಾಂಗಗಳ ಪರೀಕ್ಷೆ.

ಹಾಗಾದರೆ ನೆಲಸೀತಾಳೆಯನ್ನು ಗುರುತಿಸುವುದು ಹೇಗೆ? ಮೊದಲು ಹೂವಿನ ಎಸಳುಗಳನ್ನು ಎಣಿಸಬೇಕು. ಹೊರಗೆ ಮೂರು, ಒಳಗೆ ಮೂರು. ಒಳಗಿನ ಮೂರರಲ್ಲಿ ಒಂದು ಉಳಿದವುಗಳಂತಿರುವುದಿಲ್ಲ. ಅಗಲವಾಗಿಯೋ ಸೀಳಿಕೊಂಡೋ ಕುಚ್ಚು ಕಟ್ಟಿಕೊಂಡೋ ಮುಂದಕ್ಕೆ ಚಾಚಿರುತ್ತದೆ. ಇದನ್ನು ತುಟಿ ಎನ್ನುತ್ತಾರೆ. ಆಮೇಲೆ ಹೂವಿನ ನಡುವನ್ನು ನೋಡಬೇಕು. ಈಗ ಹೇಳಿದ ಕ್ರೈನಮ್‌ನಲ್ಲಿಯೂ ಆರು ಎಸಳುಗಳಿವೆ, ಆದರೆ ಆರು ಕೇಸರಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ಸೀತಾಳೆಯಲ್ಲಿ ಬಿಡಿ ಕೇಸರಗಳಿಲ್ಲ. ಗಂಡು ಹೆಣ್ಣು ಭಾಗಗಳೆರಡೂ ಬೆಸೆದು ಒಂದೇ ಗಿಡ್ಡ ಕಂಬವಾಗಿರುತ್ತವೆ. ಪರಾಗವೂ ಸಾಮಾನ್ಯವಾಗಿ ಪುಡಿಯಾಗಿ ಉದುರುವುದಿಲ್ಲ, ಮುದ್ದೆಯಾಗಿ ಅಂಟಿಕೊಂಡಿರುತ್ತದೆ. ನಡುವಿನಲ್ಲಿ ಈ ಕಂಬ ಕಂಡರೆ ಸೀತಾಳೆ, ಆರು ಕೇಸರ ಕಂಡರೆ ಅಲ್ಲ. ಇದೊಂದು ಗುರುತೇ ಹತ್ತರಲ್ಲಿ ಒಂಬತ್ತು ಅನುಮಾನಗಳನ್ನು ತೀರಿಸುತ್ತದೆ.

ಮುಂದಿನದು ಹೂವಿನ ಬುಡ. ಹೆಚ್ಚಿನ ಜಾತಿಗಳಲ್ಲಿ ಹೂವಿನ ತೊಟ್ಟಿನಂತೆ ಕಾಣುವ ಅಂಡಾಶಯ ಹಗ್ಗ ಹೊಸೆದಂತೆ ತಿರುಚಿಕೊಂಡಿರುತ್ತದೆ. ಮೊಗ್ಗಿನಲ್ಲಿ ಮೇಲಿದ್ದ ತುಟಿ ಈ ತಿರುಚಿನಿಂದಾಗಿ, ಅರಳುವಾಗ ಕೆಳಗೆ ಬರುತ್ತದೆ. ಹಾರಿಬಂದ ಕೀಟಕ್ಕೆ ಅದೇ ಕೂರುವ ಮಣೆ. ಅದರ ಹಿಂದೆ ಇಳಿಬಿದ್ದ ಟೊಳ್ಳು ನಳಿಗೆಯನ್ನು ಬಾಲ ಎಂದು ಕರೆಯೋಣ. ಮಕರಂದವಿರುವುದು ಅಲ್ಲೇ. ಹ್ಯಾಬೆನೇರಿಯಾ ಎಂಬ ಕುಲದಲ್ಲಿ ಬಾಲದ ಉದ್ದವೇ ಜಾತಿಯನ್ನು ಹೇಳುತ್ತದೆ. ಹ್ಯಾಬೆನೇರಿಯಾ ಲಾಂಗಿಕಾರ್ನಿಕ್ಯುಲೇಟಾ ಎಂಬ ಬಿಳಿ ಹೂವಿನ ಬಾಲ 10 ಸೆಂಟಿಮೀಟರನ್ನೂ ಮೀರುತ್ತದೆ. ಆ ಹೆಸರಿನ ಅರ್ಥವೇ ಉದ್ದ ಕೊಂಬಿನದು ಎಂದು. ಇಂಥ ಬಾಲದ ತುದಿಯ ಜೇನು ಉದ್ದ ನಾಲಗೆಯ ಪತಂಗಕ್ಕಷ್ಟೇ ಎಟುಕೀತು. ಮಡಗಾಸ್ಕರಿನ ಒಂದು ಸೀತಾಳೆಯ ಬಾಲವನ್ನು ಕಂಡ ಡಾರ್ವಿನ್, ಅಷ್ಟೇ ಉದ್ದದ ನಾಲಗೆಯ ಪತಂಗವೊಂದು ಇರಲೇಬೇಕೆಂದು 1862ರಲ್ಲಿ ಬರೆದ. 1903ರಲ್ಲಿ ಅಂಥ ಪತಂಗಕ್ಕೆ ಹೆಸರಿಡಲಾಯಿತು. ಬರೀ ಗುರುತನ್ನು ನೋಡಿ ಕಾಣದ ಜೀವಿಯನ್ನು ಊಹಿಸಿದ ಸಂದರ್ಭ ಅದು.

ಎಲೆಗಳೂ ಮಾತಾಡುತ್ತವೆ. ಕಾಸ್ ಪ್ರಸ್ಥಭೂಮಿಯಲ್ಲಿ ಹೆಸರಾದ ಹ್ಯಾಬೆನೇರಿಯಾ ಗ್ರಾಂಡಿಫ್ಲೋರಿಫಾರ್ಮಿಸ್‌ನ ಒಂದೋ ಎರಡೋ ದುಂಡನೆಯ ಎಲೆಗಳು ಚಪಾತಿ ಹಾಸಿದಂತೆ ನೆಲಕ್ಕೆ ಅಂಟಿರುತ್ತವೆ, ಮೇಲೆ ಗೇಣುದ್ದಕ್ಕೂ ಕಡಿಮೆಯ ದಂಟಿನಲ್ಲಿ ಬಿಳಿ ಹೂ. ಹ್ಯಾಬೆನೇರಿಯಾ ಹೇನಿಯಾನಾದ ಹೂಗಳು ದಂಟಿನ ಒಂದೇ ಮಗ್ಗುಲಿಗೆ ಹಲ್ಲುಜ್ಜುವ ಬ್ರಷ್ಷಿನಂತೆ ಸಾಲಾಗಿರುತ್ತವೆ. ಪೆಕ್ಟೈಲಿಸ್ ಜೈಗ್ಯಾಂಟಿಯಾ ಆಳೆದೆಯೆತ್ತರಕ್ಕೂ ಬೆಳೆಯಬಲ್ಲದು. ಅದರ ದೊಡ್ಡ ಬಿಳಿ ಹೂವಿನ ತುಟಿಯ ಎರಡೂ ಪಕ್ಕ ಬಾಚಣಿಗೆಯ ಹಲ್ಲಿನಂತೆ ಸೀಳಿದೆ. ನರ್ವಿಲಿಯಾದಲ್ಲಿ ಮೊದಲು ಬರಿಯ ಹೂದಂಟು, ಹೂ ಬಾಡಿದ ಮೇಲೆ ಹೃದಯಾಕಾರದ ಒಂದೇ ಒಂದು ಎಲೆ. ಆದ್ದರಿಂದ ಅದನ್ನು ಒಂದೇ ಭೇಟಿಯಲ್ಲಿ ಪೂರ್ತಿ ಕಂಡವರಿಲ್ಲ. ಹೂವಿಗೊಮ್ಮೆ, ಎಲೆಗೊಮ್ಮೆ ಎರಡು ಸಲ ಹೋಗಬೇಕು.

ಕೊನೆಯದಾಗಿ ಗಡ್ಡೆ. ಚರಿತ್ರೆಯಲ್ಲಿ ಮಾತ್ರ ಇದೇ ಮೊದಲನೆಯದು. ಯುರೋಪಿನ ನೆಲಸೀತಾಳೆಗಳಿಗೆ ಮಣ್ಣಿನೊಳಗೆ ಎರಡು ಗುಂಡು ಗಡ್ಡೆಗಳು ಜೋಡಿಯಾಗಿರುತ್ತವೆ. ಗ್ರೀಕರು ಇದನ್ನು ನೋಡಿ ‘ಆರ್ಕಿಸ್’ ಎಂದರು, ಎಂದರೆ ವೃಷಣ. ಅರಬರು ನರಿಯ ವೃಷಣ ಎಂದರು; ಆ ಅರಬ್ಬಿ ಮಾತಿನಿಂದ ಸಾಲೆಪ್, ಅದರಿಂದ ನಮ್ಮ ಸಾಲಂ. ರೂಪವನ್ನು ನೋಡಿ ಗುಣವನ್ನು ಊಹಿಸಿದ ಕಾಲ ಅದು. ದೊಡ್ಡ ಗಡ್ಡೆಯನ್ನು ಗಂಡಸು ತಿಂದರೆ ಗಂಡುಮಗು, ಚಿಕ್ಕದನ್ನು ಹೆಂಗಸು ತಿಂದರೆ ಹೆಣ್ಣುಮಗು ಎಂಬ ನಂಬಿಕೆಯನ್ನು ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ದಾಖಲಿಸಿದ್ದಾನೆ. ನಿಜಸಂಗತಿ ಬೇರೆ. ಸುಕ್ಕಿದ ಗಡ್ಡೆ ಈ ವರ್ಷ ಗಿಡಕ್ಕೆ ಆಹಾರ ಕೊಟ್ಟು ಮುಗಿದದ್ದು, ತುಂಬಿದ ಗಡ್ಡೆ ಮುಂದಿನ ವರ್ಷದ ಗಿಡಕ್ಕೆ ಕೂಡಿಟ್ಟದ್ದು. ಅಗೆಯುವವರು ಒಯ್ಯುವುದು ತುಂಬಿದ್ದನ್ನೇ. ಅದರೊಂದಿಗೆ ಮುಂದಿನ ವರ್ಷದ ಗಿಡವೂ ಹೋಗುತ್ತದೆ.

ಗಡ್ಡೆಯಿಂದ ಹೂವಿನ ಕಡೆಗೆ ದೃಷ್ಟಿ ಹೊರಳಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1805ರಲ್ಲಿ ವಿಲ್ಡೆನೋ ಹ್ಯಾಬೆನೇರಿಯಾ ಎಂಬ ಕುಲವನ್ನು ಸ್ಥಾಪಿಸಿದ. ಲ್ಯಾಟಿನ್ನಿನಲ್ಲಿ ಹಾಗೆಂದರೆ ಕಡಿವಾಣದ ಪಟ್ಟಿ. 1821ರಲ್ಲಿ ರಾಬರ್ಟ್ ಬ್ರೌನ್ ಯೂಲೋಫಿಯಾ ಎಂದ. ಗ್ರೀಕಿನಲ್ಲಿ ಒಳ್ಳೆಯ ಜುಟ್ಟಿನದು ಎಂದರ್ಥ. ತುಟಿಯ ಮೇಲಿನ ಏಣುಗಳನ್ನು ನೋಡಿ ಇಟ್ಟ ಹೆಸರದು. ನಮ್ಮ ಭಾಗದ ಗಿಡಗಳ ಲೆಕ್ಕ ಮುಂಬಯಿ ಇಲಾಖೆಯಲ್ಲಿ ನಡೆಯಿತು. 1839ರಲ್ಲಿ ಗ್ರಹಾಮನ ಪಟ್ಟಿ, 1861ರಲ್ಲಿ ಡಾಲ್ಜೆಲ್ ಮತ್ತು ಗಿಬ್ಸನ್ನರ ‘ಬಾಂಬೆ ಫ್ಲೋರಾ’, 1901ರಿಂದ 1908ರ ನಡುವೆ ಥಿಯೋಡರ್ ಕುಕ್‌ನ ದೊಡ್ಡ ಗ್ರಂಥ, 1966ರಲ್ಲಿ ಸಾಂತಾಪೌ ಮತ್ತು ಕಪಾಡಿಯಾ ಅವರ ‘ದಿ ಆರ್ಕಿಡ್ಸ್ ಆಫ್ ಬಾಂಬೆ’. ಕುಕ್ ವೃತ್ತಿಯಿಂದ ಎಂಜಿನಿಯರ್, ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲ. ಸೇತುವೆಯ ಅಳತೆ ಬಲ್ಲವನು ಹೂವಿನ ಅಳತೆಗೆ ಕೂತಾಗ ಬರವಣಿಗೆ ಹೇಗಿರಬೇಕೋ ಹಾಗೇ ಇದೆ. ಎಲೆ ಇಷ್ಟುದ್ದ, ಬಾಲ ಇಷ್ಟುದ್ದ, ತುಟಿ ಇಷ್ಟು ಸೀಳು.

ಈ ಗ್ರಂಥಗಳನ್ನು ಕನ್ನಡಿಗರು ಓದುವಾಗ ಒಂದು ಸಂಗತಿಯನ್ನು ನೆನಪಿಡಬೇಕು. ಗಿಡ ಸಿಕ್ಕ ಸ್ಥಳವನ್ನು ಹೇಳುವಾಗ ಕೊಂಕಣ, ದಖ್ಖನ, ಕೆನರಾ ಎಂಬ ವಿಭಾಗಗಳ ಜೊತೆಗೆ ‘ದಕ್ಷಿಣ ಮರಾಠಾ ದೇಶ’ ಎಂಬುದೊಂದಿದೆ. ಬೆಳಗಾವಿ, ಧಾರವಾಡಗಳು ಬರುವುದು ಅದರೊಳಗೆ. ಕನ್ನಡದ ಕಾಡಿನ ಹೂ ಮರಾಠಾ ದೇಶದ ತಲೆಬರಹದಡಿ ದಾಖಲಾಯಿತು. ಇದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ, ಅಂದಿನ ಆಡಳಿತದ ಪರಿಭಾಷೆ ಹಾಗಿತ್ತು. ಆದರೆ ಅಂಗಾಂಗಗಳ ವಿವರಣೆ ಕೂದಲೆಳೆಯಷ್ಟೂ ಕೆಡಲಿಲ್ಲ ಎಂಬುದನ್ನು ಗಮನಿಸಬೇಕು. ಇಂದು ಖಾನಾಪುರದ ಕಾಡಿನಲ್ಲಿ ನಿಂತು ಆ ವಿವರಣೆಯನ್ನು ಹೂವಿಗೆ ಹಿಡಿದು ನೋಡಿದರೆ ಸರಿಯಾಗಿ ಕೂರುತ್ತದೆ. ತಲೆಬರಹ ಬದಲಾಗಿದೆ, ಗುರುತು ಉಳಿದಿದೆ.

ಹೆಸರು ದಾರಿ ತಪ್ಪಿಸಿದ್ದಕ್ಕೆ ನಿಮ್ಮ ನೆರೆಯ ಭಾಷೆಯಲ್ಲೇ ಒಳ್ಳೆಯ ನಿದರ್ಶನವಿದೆ. ಮಲಯಾಳದಲ್ಲಿ ‘ಓರಿಲತ್ತಾಮರ’ ಎಂಬ ಮದ್ದಿನ ಗಿಡವಿದೆ, ಒಂದೆಲೆಯ ತಾವರೆ ಎಂದು ಅರ್ಥ. ಈಗ ಹೇಳಿದ ನರ್ವಿಲಿಯಾಕ್ಕೆ ಇದು ಒಪ್ಪುವ ಹೆಸರು. ಆದರೆ ಇದೇ ಹೆಸರಿನಿಂದ ಬಳಕೆಯಲ್ಲಿರುವ ಇನ್ನೊಂದು ಗಿಡ ನಾವು ಕನ್ನಡದಲ್ಲಿ ಪುರುಷರತ್ನ ಎನ್ನುವ ಸಣ್ಣ ಗಿಡ. ಅದಕ್ಕೆ ಒಂದೆಲೆಯಲ್ಲ, ದಂಟಿನ ತುಂಬ ಕಿರಿದಾದ ಎಲೆಗಳು. ಒಂದೇ ಇರುವುದು ಕೆಳಗಿನ ದೊಡ್ಡ ನೇರಳೆಗೆಂಪು ಎಸಳು. ತಮಿಳರು ಅದನ್ನು ‘ಓರಿದೞ್ ತಾಮರೈ’, ಒಂದೆಸಳಿನ ತಾವರೆ ಎನ್ನುತ್ತಾರೆ. ಇಲ, ಇದೞ್: ಎಲೆ, ಎಸಳು. ಕಿವಿಗೆ ಹತ್ತಿರದ ಎರಡು ಪದಗಳು, ಕಣ್ಣಿಗೆ ಬಲು ದೂರದ ಎರಡು ಗಿಡಗಳು. ಒಂದು ಸೀತಾಳೆ, ಇನ್ನೊಂದು ಸೀತಾಳೆಯ ದೂರದ ಬಂಧುವೂ ಅಲ್ಲ. ಮದ್ದಿನ ಚೀಟಿಯಲ್ಲಿ ಹೆಸರು ಬರೆದವರು ಒಂದನ್ನು ನೆನೆದು, ಕಿತ್ತು ತಂದವರು ಇನ್ನೊಂದನ್ನು ತಂದರೆ ತಪ್ಪು ಯಾರದು? ಎಲೆಯನ್ನು ಎಣಿಸಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಗಡ್ಡೆಯ ವಿಷಯದಲ್ಲಿ ಇದು ಜೀವದ ಮಾತಾಗುತ್ತದೆ. ಸೊಲ್ಲಾಪುರದಲ್ಲಿ ಸಂಕ್ರಾಂತಿಗೆ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ ನೆರೆಯುತ್ತದೆ. ಅಲ್ಲಿ ಬಟ್ಟೆ ಹಾಸಿ ಬೇರು, ತೊಗಟೆ, ಗಡ್ಡೆ ಮಾರುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಒಣಗಿದ ಗಡ್ಡೆಗೆ ಎಲೆಯಿಲ್ಲ, ಹೂವಿಲ್ಲ, ಮಾರುವವನ ಮಾತೇ ಅದರ ಗುರುತು. ನೆಲಸೀತಾಳೆಯಂತೆಯೇ ಮಳೆಗೆ ಚಿಗುರಿ ಬೇಸಗೆಗೆ ಗಡ್ಡೆಯಾಗಿ ಮಲಗುವ ಇನ್ನೊಂದು ಗಿಡ ಗೌರಿಹೂ, ಎಂದರೆ ಅಗ್ನಿಶಿಖೆ. ಮರಾಠಿಯ ಕಳಲಾವಿ, ಮಲಯಾಳದ ಮೇಂತೋನ್ನಿ. ಅದರ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಘೋರ ವಿಷವಿದೆ, ತಿಂದು ಸತ್ತವರಿದ್ದಾರೆ. ಸಂಸ್ಕೃತದಲ್ಲಿ ಅದಕ್ಕೆ ಲಾಂಗಲಿ ಎಂದು ಹೆಸರು, ನೇಗಿಲಿನಂತೆ ಬಾಗಿದ ಗಡ್ಡೆಯನ್ನು ನೋಡಿ ಇಟ್ಟದ್ದು. ಹಿರಿಯರು ಹೆಸರಿನಲ್ಲೇ ಗುರುತನ್ನು ಕಟ್ಟಿಕೊಟ್ಟಿದ್ದರು. ಗಿಡ ಹಸಿರಾಗಿದ್ದಾಗ ಇನ್ನೂ ಸುಲಭ: ಎಲೆಯ ತುದಿ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿದ್ದರೆ, ಹೂವಿನಲ್ಲಿ ಆರು ಕೇಸರ ಬಿಡಿಯಾಗಿ ಚಾಚಿದ್ದರೆ ಅದು ಅಗ್ನಿಶಿಖೆ. ಕಾಡಿನ ಯಾವ ಗಡ್ಡೆಯನ್ನೂ ಮಾತು ನಂಬಿ ಬಾಯಿಗಿಡಬಾರದೆಂದು ಮಕ್ಕಳಿಗೆ ಹೇಳಿಕೊಡುವುದು ದೊಡ್ಡವರ ಹೊಣೆ.

ಅಗೆದು ತಂದು ಹಿತ್ತಿಲಲ್ಲಿ ನೆಡುವ ಆಸೆಯೂ ಫಲಿಸುವುದು ಅಪರೂಪ. ಸೀತಾಳೆಯ ಬೀಜ ದೂಳಿನಷ್ಟು ಸಣ್ಣದು, ಮೊಳೆಯಲು ಬೇಕಾದ ಬುತ್ತಿ ಅದರೊಳಗಿಲ್ಲ. ಮಣ್ಣಿನ ಒಂದು ಬಗೆಯ ಶಿಲೀಂಧ್ರ ಒಳಹೊಕ್ಕು ಉಣಿಸಿದರಷ್ಟೇ ಅದು ಮೊಳೆಯುತ್ತದೆ. ಫ್ರಾನ್ಸಿನ ನೋಯೆಲ್ ಬರ್ನಾರ್ ಇದನ್ನು 1899ರಲ್ಲಿ ಕಂಡುಹಿಡಿದ. ಗಿಡವನ್ನು ಕಿತ್ತರೆ ಆ ಮಣ್ಣಿನ ನಂಟು ಕಡಿಯುತ್ತದೆ. ಭಾರತೀಯ ಸಸ್ಯ ಸರ್ವೇಕ್ಷಣಾಲಯವು 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದಲ್ಲಿ 1256 ಜಾತಿಯ ಸೀತಾಳೆಗಳಿವೆ, ಅವುಗಳಲ್ಲಿ 447 ನೆಲದವು. ಕಾಡಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹದ್ದಿನಲ್ಲಿಡುವ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿ ಇಡೀ ಸೀತಾಳೆ ಕುಟುಂಬವೇ ಸೇರಿದೆ. ಕಾಯಿದೆ ಕಾಯುವುದು ಬಂದರಿನಲ್ಲಿ, ಊರಿನ ಗುಡ್ಡವನ್ನು ಕಾಯುವವರು ಊರಿನವರೇ ಆಗಬೇಕು. ಕಾಯಬೇಕಾದರೆ ಮೊದಲು ಗುರುತು ಹಿಡಿಯಬೇಕು.

ಇದಕ್ಕೆ ದೊಡ್ಡ ಸಲಕರಣೆ ಬೇಡ. ಮಳೆಗಾಲದಲ್ಲಿ ನಿಮ್ಮ ಪಾರೆಯ ಮೇಲೋ ತೋಟದಾಚೆಯ ಗುಡ್ಡದಲ್ಲೋ ಅಂಥ ಹೂ ಕಂಡರೆ ಕೀಳದೆ, ಪಕ್ಕದಲ್ಲಿ ಕೂತು ಬರೆದುಕೊಳ್ಳಿ: ದಿನಾಂಕ, ಸ್ಥಳ, ಮಣ್ಣಿನ ಬಣ್ಣ, ಎಲೆ ಎಷ್ಟು, ನೆಲಕ್ಕೆ ಅಂಟಿದೆಯೋ ದಂಟಿನ ಮೇಲಿದೆಯೋ, ತುಟಿಯ ಆಕಾರ, ಬಾಲದ ಉದ್ದ, ನಡುವಿನ ಕಂಬ. ಕೊನೆಗೆ ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಕನ್ನಡ, ತುಳು, ಮಲಯಾಳ, ಕೊಂಕಣಿ, ಯಾವ ಭಾಷೆಯಲ್ಲಿ ಸಿಕ್ಕರೆ ಆ ಭಾಷೆಯಲ್ಲಿ ಬರೆಯಿರಿ. ಇಟ್ಟಿ ಅಚ್ಯುತನ್ ಮತ್ತು ಆ ಮೂವರು ಕೊಂಕಣಿ ವೈದ್ಯರು ತಮ್ಮ ನಾಲಗೆಯ ಹೆಸರುಗಳನ್ನು ಕೊಡದಿದ್ದರೆ ಹೆಬ್ಬಲಸು, ಕಾಸರಕಗಳ ನೆನಪು ಆಮ್‌ಸ್ಟರ್‌ಡಾಮಿನ ಪುಟಗಳಲ್ಲಿ ಉಳಿಯುತ್ತಿರಲಿಲ್ಲ. ಮರದ ಸೀತಾಳೆಗೆ ಆ ಭಾಗ್ಯ ಮುನ್ನೂರು ವರ್ಷಗಳ ಹಿಂದೆಯೇ ಬಂತು. ನೆಲದ ಸೀತಾಳೆಗೆ ನಮ್ಮ ಭಾಷೆಯಲ್ಲಿ ಒಂದೊಂದು ಜಾತಿಗೂ ಒಂದೊಂದು ಹೆಸರು ಇನ್ನೂ ಬರಬೇಕಾಗಿದೆ. ಗುರುತನ್ನು ಸರಿಯಾಗಿ ಕಂಡವರು ಇಟ್ಟ ಹೆಸರು ಗಡಿಯ ಈಚೆಗೂ ಆಚೆಗೂ ನಡೆಯುತ್ತದೆ.